ನೆಲದ ಪಾಲು

"ಏಯ್ ಮುಂಡೇದೆ, ಕಣ್ಣು ಎಲ್ಲಿಟ್ಕೊಂಡಿದೀಯ, ತಿಕದಲ್ಲಾ? ಸಣ್ಣದೆಲ್ಲ ಲಾರಿಗೆ ಅಂದ್ರೆ ಲಾರಿಗೆ. ಅಳತೆ ಸಾಹೇಬ ಬರೋ ಹೊತ್ತು."

"ಗಂಡ ಬದುಕಿದಾನೆ ಕಣಣ್ಣ, ಮುಂಡೆ ಅನ್ಬೇಡ. ಕೇಳಿಸ್ಕೊಂಡ್ರೆ ಆಸೆಗೆ ಸತ್ತೇ ಹೋದಾನು."

ಹೆಂಗಸರು ಕಿಸಕ್ಕನೆ ನಕ್ಕರು. ಮೇಸ್ತ್ರಿಯ ಗಂಬೂಟು ಅವಳ ಮುಂದಿನ ಮೀನಿನ ರಾಶಿಗೆ ಬಿತ್ತು. ರಕ್ತ ಬೆರೆತ ಐಸಿನ ನೀರು ಅವಳ ಬಾಯಿಗೇ ಎರಚಿತು. ಅವಳು ಉಗಿದು, ಸೆರಗಲ್ಲಿ ಮುಖ ಒರೆಸಿಕೊಂಡು, ಮತ್ತೆ ಆರಿಸಲು ಕೂತಳು. ಬಾಯಿ ಮುಚ್ಚುವ ಅಭ್ಯಾಸವೇ ಇಲ್ಲದ್ದಕ್ಕೆ ಬಂದರಿನ ಧಕ್ಕೆಯಲ್ಲಿ ಮೀನು ಆರಿಸುವ ಹೆಂಗಸರು ಅವಳನ್ನು ಗಿಣಿ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತೇನೋ.

ಅಂದು ಧಕ್ಕೆಯ ಧಣಿಯ ಟ್ರಾಲರ್ ದೋಣಿ ತಂದು ಸುರಿದದ್ದರಲ್ಲಿ ಮುಕ್ಕಾಲು ಪಾಲು ಮರಿ. ಬೆರಳುದ್ದದ್ದು, ಒಂದು ಸಲವೂ ಮೊಟ್ಟೆಯಿಡದ್ದು. ಧಕ್ಕೆಯಲ್ಲಿ ಅದನ್ನು ಮೀನು ಅಂತ ಯಾರೂ ಕರೆಯುವುದಿಲ್ಲ, ಕಸ ಅನ್ನುತ್ತಾರೆ. ಕಸವನ್ನು ಸಲಿಕೆಯಲ್ಲಿ ಬಾಚಿ ಲಾರಿಗೆ ತುಂಬುತ್ತಾರೆ. ಲಾರಿ ಮೀನುಪುಡಿ ಫ್ಯಾಕ್ಟರಿಗೆ ಹೋಗುತ್ತದೆ, ಪುಡಿ ಯಾವುದೋ ಊರಿನ ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಲಾರಿ ತುಂಬಿದ ಮೇಲೆ ನೆಲಕ್ಕಂಟಿಕೊಂಡು ಉಳಿದದ್ದು ಆರಿಸುವ ಹೆಂಗಸರದ್ದು. ಅದಕ್ಕೆ ನೆಲದ ಪಾಲು ಅಂತ ಹೆಸರು. ಕೂಲಿ ಕಡಿಮೆಯಾಯಿತು ಅಂತ ಯಾರಾದರೂ ಗೊಣಗಿದರೆ ಅದನ್ನು ತೋರಿಸಿ ಬಾಯಿ ಮುಚ್ಚಿಸುವುದು ಧಣಿಯ ಅಪ್ಪನ ಕಾಲದಿಂದ ಬಂದ ಜಾಣತನ.

ತಾಡಪಾಲು ಬಿಗಿದು ಲಾರಿ ಹೊರಟಾಗ ಅಳತೆ ಸಾಹೇಬನ ಜೀಪು ಎದುರಿಗೇ ಬಂತು. ಸಮುದ್ರದಲ್ಲಿ ಮೀನು ಎಷ್ಟು ಉಳಿದಿದೆ, ಅದನ್ನು ಯಾರು ಎಷ್ಟು ಬಾಚುತ್ತಿದ್ದಾರೆ ಅಂತ ಲೆಕ್ಕ ಹಾಕಲು ಸರ್ಕಾರ ಕಳಿಸಿದ ಮನುಷ್ಯ. ಬಗಲಲ್ಲಿ ಗೆರೆ ಎಳೆದ ಅಳತೆ ಹಲಗೆ. ಲಾರಿಯಿಂದ ಸೋರಿದ ನಾರುವ ನೀರು ಅವನ ಬೂಟಿನ ಮೇಲೆಯೇ ಹರಿಯಿತು. ಸಾಹೇಬ ಕಾಲು ಎತ್ತಿ ಆಚೆ ಇಟ್ಟ, ಅಷ್ಟೇ. ಧಣಿಯ ಜೊತೆ ಚಹಾ ಕುಡಿದು, ಮೇಸ್ತ್ರಿ ಪೆಟ್ಟಿಗೆಯ ಮೇಲ್ಭಾಗದಿಂದ ಎತ್ತಿಕೊಟ್ಟ ದೊಡ್ಡ ದೊಡ್ಡ ಮೀನುಗಳನ್ನು ಹಲಗೆಯ ಮೇಲಿಟ್ಟು ಅಳೆದು, "ತುಂಬಾ ಚೆನ್ನಾಗಿದೆ" ಅಂದ.

ಗಿಣಿ ತನ್ನ ನೆಲದ ಪಾಲನ್ನು ಬುಟ್ಟಿಗೆ ಬಾಚಿ ತಲೆಗೇರಿಸಿಕೊಂಡು ನಡೆದಳು.

ಧಕ್ಕೆ ದಾಟಿದರೆ ಮರಳು. ನಾಡದೋಣಿಗಳು ಅಲ್ಲಿ ದಡ ಸೇರುತ್ತವೆ. ಅವಳ ಗಂಡ ಆಗಷ್ಟೇ ದೋಣಿ ಎಳೆದು ಬಲೆ ಬಿಡಿಸುತ್ತಿದ್ದ. ಬಲೆಯೆಂದರೆ ಅವರ ಮನೆಯ ಅನ್ನವೇ. ಅತ್ತೆ ಕಣ್ಣು ಮಂಜಾಗುವವರೆಗೆ ಹೆಣೆದದ್ದು, ಹರಿದಲ್ಲೆಲ್ಲ ಬೆರಳಿನಲ್ಲೇ ತಡವಿ ಹೊಲಿದದ್ದು. ಅದರ ಒಂದೊಂದು ಕಣ್ಣಿನಲ್ಲೂ ಮೂರು ಬೆರಳು ಸಲೀಸಾಗಿ ತೂರುತ್ತಿತ್ತು. ಅಂದು ಸಿಕ್ಕಿದ್ದು ಹತ್ತಾರು ಬಂಗುಡೆ ಮೀನು, ಎಲ್ಲ ಅಂಗೈಗಿಂತ ಉದ್ದ.

ಗಿಣಿ ದಿನಾ ಮಾಡುವ ಹಾಗೆಯೇ ಮಾಡಿದಳು. ಗಂಡನ ಮೀನು ಹರಡಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೇ ಬುಟ್ಟಿ ಬೋರಲು ಹಾಕಿದಳು. ದೊಡ್ಡದು ಕೊಳ್ಳಲಾಗದವರು ಸಣ್ಣದು ಕೊಳ್ಳಲಿ, ಎರಡೂ ಒಟ್ಟಿಗೆ ಮಾರಾಟವಾಗಲಿ ಅಂತ. ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಾಳೆಯ ಅಂಚಿಗೆ ಒದ್ದೆ ಬೂಟು ಬಂದು ನಿಂತಿತು.

ಸಾಹೇಬ ಕೂತು ಅಳೆದ. ಒಂದು ಮರಿ, ಇನ್ನೊಂದು ಮರಿ. ಎದ್ದು ಅವಳ ಗಂಡನ ಕಡೆ ತಿರುಗಿದ.

"ನೂರಕ್ಕೆ ಎಂಬತ್ತು ಮರಿ. ಸಮುದ್ರ ಖಾಲಿ ಮಾಡ್ತಿರೋ ಕಳ್ಳನನ್ಮಕ್ಕಳು ನೀವೇ ಕಣ್ರೋ. ಬಲೆ ಎತ್ತಿ ಜೀಪಿಗೆ ಹಾಕು."

"ಸಾಹೇಬ್ರೆ, ಅದು ನಮ್ಮ ಬಲೆದಲ್ಲ," ಅಂದಳು ಗಿಣಿ. "ಧಕ್ಕೆದು. ನೆಲದ ಪಾಲು. ಈಗ ತಂದು ಸುರಿದೆ."

"ಧಕ್ಕೆಲಿ ನಾನೇ ಅಳೆದು ಬಂದಿದೀನಿ. ಒಂದು ಮರಿ ಇರ್ಲಿಲ್ಲ."

"ಲಾರಿಲಿತ್ತು. ನಿಮ್ಮ ಕಾಲ ಮೇಲೇ ನೀರು ಸೋರಿಸ್ಕೊಂಡು ಹೋಯ್ತಲ್ಲ ಸಾಹೇಬ್ರೆ."

"ಲಾರಿ ಅಳೆಯೋದು ನನ್ನ ಕೆಲ್ಸ ಅಲ್ಲ. ದಡಕ್ಕೆ ಬಂದಿದ್ದು ಅಳೀತೀನಿ."

"ಬಲೆ ಕಣ್ಣಾದ್ರೂ ನೋಡಿ. ಆ ಮರಿ ಇದರಲ್ಲಿ ನಿಲ್ಲುತ್ತಾ?"

"ಮೀನು ಸಿಕ್ಕಿದ್ಮೇಲೆ ಬಲೆ ಯಾಕೆ ನೋಡ್ಬೇಕು? ಸರಿಯೇ ಆಚೆ, ನಾರ್ತಿದೀಯ."

ಸಾಹೇಬನ ಜೀಪಿನಲ್ಲಿ ಬಂದಿದ್ದ ಜವಾನರು ಬಲೆ ಎಳೆದರು. ಗಂಡ ಇನ್ನೊಂದು ತುದಿ ಬಿಡಲಿಲ್ಲ. ಮೊಣಕಾಲಿಗೆ ಲಾಠಿ ಬಿದ್ದ ಮೇಲೆ ಬಿಟ್ಟು ಮರಳಿಗೆ ಬಿದ್ದ. ಊರಲ್ಲಿ ಎಲ್ಲರ ಮೇಲೂ ಬಾಯಿ ಮಾಡುವ ಗಿಣಿ ಅವನನ್ನು ಎತ್ತಲು ಬಗ್ಗಿದರೆ ಅವನು ಅವಳ ಕೈ ತಳ್ಳಿದ.

"ನಿನ್ನ ಬುಟ್ಟಿ ನನ್ನ ಬಲೆ ತಿಂತು," ಅಂದ.

ಅವತ್ತಿಂದ ಅವನು ಅವಳ ಹತ್ತಿರ ಮಾತು ಬಿಟ್ಟ. ಅತ್ತೆ ಮಾತ್ರ ಗೋಡೆಗೊರಗಿ ಕೂತು ಬಲೆ ಹೊಲಿಯುವ ಹಾಗೆ ಬರಿಗೈ ಬೆರಳು ಆಡಿಸುತ್ತಿದ್ದಳು. "ಆ ಧಣಿ ಒಂದು ಮಾತು ಹೇಳಿದ್ರೆ ಬಿಡ್ತಾರಂತೆ ಕಣೇ. ಕಾಲು ಹಿಡ್ಕೊ ಹೋಗು," ಅಂದಳು. ನಿಜ. ಆ ಮೀನು ನನ್ನ ಧಕ್ಕೆದು ಅಂತ ಧಣಿ ಒಂದು ಮಾತು ಅಂದರೆ ಬಲೆ ವಾಪಸ್ಸು. ಅನ್ನದಿದ್ದರೆ ಬಂದರಿನಲ್ಲಿ ಸರ್ಕಾರ ಕರೆದಿರುವ ಸಭೆಯ ದಿನ ಎಲ್ಲರೆದುರು ಸುಡುತ್ತಾರಂತೆ.

ಧಣಿ ಧಕ್ಕೆಯ ಮಾಳಿಗೆಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಗೋಡಂಬಿ ಮೆಲ್ಲುತ್ತಿದ್ದ. ಅವಳನ್ನು ಬಾಗಿಲ ಹೊರಗೇ ನಿಲ್ಲಿಸಿದ. ಅವಳ ಮಾತು ಪೂರ್ತಿ ಕೇಳಿಸಿಕೊಂಡ, ಆ ಮಟ್ಟಿಗೆ ಒಳ್ಳೆಯವನೇ.

"ನೆಲದ ಪಾಲು ನಾನು ಹಾಕೋ ಭಿಕ್ಷೆ. ಭಿಕ್ಷೆ ಹಾಕಿದ ತಪ್ಪಿಗೆ ಸಾಕ್ಷಿನೂ ಹೇಳ್ಬೇಕಾ?"

"ಒಂದು ಮಾತು ಧಣಿ. ಮನೇಲಿ ಒಲೆ ಹತ್ತಲ್ಲ."

"ನಾನು ಕೊಟ್ಟೆ ಅಂದ್ರೆ ನನ್ನ ಧಕ್ಕೆಗೆ ಮರಿ ಬಂತು ಅಂತಾಗುತ್ತೆ. ಕದ್ದೆ ಅಂತ ನೀನು ಹೇಳು. ಕೆಳಗಿಳಿದು ಎಲ್ರೆದುರಿಗೂ. ಆಮೇಲೆ ನೋಡೋಣ."

ಗಿಣಿ ಇಳಿದಳು. ಆರಿಸುವ ಹೆಂಗಸರು, ಐಸ್ ಹೊಡೆಯುವವರು, ಟ್ರಾಲರಿನ ಆಳುಗಳು, ಎಲ್ಲರನ್ನೂ ಮೇಸ್ತ್ರಿ ಸೀಟಿ ಊದಿ ನಿಲ್ಲಿಸಿದ. ಅವಳು ನೆಲ ನೋಡುತ್ತ "ಕದ್ದೆ" ಅಂದಳು. ಕೇಳಿಸಲಿಲ್ಲ ಅಂದ ಮೇಸ್ತ್ರಿ. ಮತ್ತೆ ಅಂದಳು. ಕಿವಿ ಹಿಡಿದುಕೊಂಡು ಹೇಳು ಅಂದ. ಕಿವಿ ಹಿಡಿದುಕೊಂಡು ಹೇಳಿದಳು. ಬಲೆಗಾಗಿ ಇಷ್ಟು ಏನು ಮಹಾ ಅಂತ ತನಗೆ ತಾನೇ ಹೇಳಿಕೊಂಡಳು.

ಧಣಿ ಮಾಳಿಗೆಯ ಕಂಬಿಗೆ ಒರಗಿ ನಕ್ಕ.

"ಕೇಳಿಸ್ಕೊಂಡ್ರಲ್ಲ? ಕಳ್ಳಿ ಅಂತ ಅವಳ ಬಾಯಲ್ಲೇ ಬಂತು. ಕಳ್ಳಿ ಮಾತು ಹಿಡ್ಕೊಂಡು ನಾನು ಸಾಹೇಬನ ಹತ್ರ ಹೋಗ್ಲಾ? ಇವತ್ತಿಂದ ನೆಲದ ಪಾಲು ಬಂದ್. ಒಂದು ಮರಿ ಮುಟ್ಟಿದ್ರೂ ಕೈ ಮುರಿಸ್ತೀನಿ."

ಎಲ್ಲ ಹೆಂಗಸರ ಹೊಟ್ಟೆಗೂ ಒಂದೇ ಏಟಿಗೆ ಹೊಡೆದ. ಅವರಲ್ಲಿ ಹಿರಿಯಳಾದ ದೊಡ್ಡಕ್ಕ ಗಿಣಿಯ ಮುಂದೆ ಬಂದು ಕ್ಯಾಕರಿಸಿ ಉಗಿದಳು. "ನಿನ್ನ ಬಾಯಿಗಷ್ಟು ಮಣ್ಣು ಹಾಕ. ನಿನ್ನ ಮನೆ ಬಲೆಗೆ ನಮ್ಮ ಮಕ್ಕಳ ತಟ್ಟೆ ಕಿತ್ಯಲ್ಲೇ ರಂಡೆ." ಗಿಣಿ ತಲೆಗೆ ಸೆರಗು ಹೊದ್ದು ಮನೆ ಕಡೆ ನಡೆದಳು.

ಸಭೆಯ ದಿನ ಬಂದರಿನ ಗೇಟಿಗೆ ಅಡ್ಡಲಾಗಿ ಪೆಂಡಾಲು ಹಾಕಿದ್ದರು. 'ಸಮುದ್ರ ಉಳಿಸಿ' ಅಂತ ಬ್ಯಾನರು. ಜನ ಕಾಣಬೇಕಲ್ಲ, ಧಕ್ಕೆಯ ಹೆಂಗಸರನ್ನೂ ನಾಡದೋಣಿಯವರನ್ನೂ ಕರೆಸಿ ಬಿಸಿಲಲ್ಲಿ ನಿಲ್ಲಿಸಿದ್ದರು. ವೇದಿಕೆಯ ಮುಂದೆ ಜಪ್ತಿ ಮಾಡಿದ ಬಲೆಗಳ ಗುಡ್ಡೆ. ಮೇಲೇ ಕಾಣುತ್ತಿತ್ತು ಅತ್ತೆ ಹೊಲಿದ ಬಲೆ, ನೀಲಿ ದಾರದ ತೇಪೆಯ ಸಮೇತ. ಅಳತೆ ಸಾಹೇಬನ ಹಲಗೆ ಮೇಜಿನ ಮೇಲಿತ್ತು, ಅದಕ್ಕೂ ಒಂದು ಹೂವಿನ ಹಾರ. ಮುಖ್ಯ ಅತಿಥಿ ಧಣಿ.

"ಮರಿ ಮೀನು ಅಂದ್ರೆ ನಮ್ಮ ಮಕ್ಕಳಿದ್ದ ಹಾಗೆ," ಅಂದ ಧಣಿ ಮೈಕಿನಲ್ಲಿ. "ಮಕ್ಕಳನ್ನ ಕೊಲ್ಲೋರಿಗೆ ಈ ಸಮುದ್ರದಲ್ಲಿ ಜಾಗ ಇಲ್ಲ."

ಪೆಂಡಾಲಿನ ಹಿಂದೆ, ದಾರಿಯಿಲ್ಲದೆ, ಧಕ್ಕೆಯಿಂದ ಹಿಮ್ಮುಖವಾಗಿ ಬಂದ ಅವನದೇ ಲಾರಿ ಹಿಂಬಾಗಿಲು ಪೆಂಡಾಲಿನ ಕಡೆ ಮಾಡಿ ನಿಂತಿತ್ತು. ಹಾರ್ನ್ ಹೊಡೆದ ಡ್ರೈವರಿಗೆ ಧಣಿ ವೇದಿಕೆಯಿಂದಲೇ ಕೈ ತೋರಿಸಿದ, ಇರು, ಮುಗೀತು ಅಂತ. ಲಾರಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ನೈಲಾನು ಸುಡುವ ಕಮಟು ಹೊಗೆ ಎದ್ದಿತು. ಬಲೆ ಉರಿಯಲಿಲ್ಲ, ಕುಗ್ಗಿತು, ಕರಗಿ ಕಪ್ಪು ಹನಿಯಾಗಿ ಇಳಿಯಿತು. ಕಣ್ಣು ಕಾಣದ ಅತ್ತೆ ಮೂಗು ಅರಳಿಸಿ ಕೇಳಿದಳು: "ನಮ್ದೇನೇ ಅದು?"

"ನಮ್ದೇ ಅತ್ತೆ," ಅಂದಳು ಗಿಣಿ.

ಗಂಡ ಅಲ್ಲೇ ಕುಸಿದು ಕೂತ. ಅವಳು ಕೂರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಪೆಂಡಾಲಿನ ಹಿಂದೆ ಹೋದಳು. ಲಾರಿಯ ಹಿಂಬಾಗಿಲ ಕೊಂಡಿಗಳು ಅವಳಿಗೆ ಪರಿಚಯದವೇ, ದಿನಾ ಹಾಕುತ್ತಿದ್ದವಳು. ಒಂದನ್ನು ಅಂಗೈಯಿಂದ ಗುದ್ದಿ ಬಿಡಿಸಿದಳು, ಇನ್ನೊಂದಕ್ಕೆ ಕಲ್ಲು ತಗೊಂಡಳು.

ಬಾಗಿಲು ದಢಾರನೆ ಬಿತ್ತು. ಮರಿಗಳು ಸುರಿದವು. ಮೊದಲು ಅವಳ ಮೊಣಕಾಲು ಮುಳುಗಿತು, ಆಮೇಲೆ ಪೆಂಡಾಲಿನ ಬಟ್ಟೆ ನೂಕಿಕೊಂಡು ಬೆರಳುದ್ದದ ಬೆಳ್ಳನೆ ರಾಶಿ ಹರಿದು ಕುರ್ಚಿಗಳ ಕಾಲು ಸುತ್ತಿತು. ಮುಂದಿನ ಸಾಲಿನ ದೊಡ್ಡಮನುಷ್ಯರು ಪಂಚೆ ಎತ್ತಿಕೊಂಡು ಎದ್ದರು.

ಗಿಣಿ ವೇದಿಕೆಗೆ ಹೋಗಿ ಹಾರದ ಸಮೇತ ಹಲಗೆ ಎತ್ತಿಕೊಂಡು ಬಂದು ರಾಶಿಯ ಮೇಲೆ ಕೂತಳು, ಲಾರಿಯ ಕಡೆಗೆ ಬೆನ್ನು ಹಾಕಿ. ಒಂದು ಮರಿ ಹಲಗೆಯ ಮೇಲಿಟ್ಟಳು.

"ದಡಕ್ಕೆ ಬಂತು ಸಾಹೇಬ್ರೆ. ಬರ್ಕೊಳ್ಳಿ."

ಸಾಹೇಬ ಧಣಿಯ ಮುಖ ನೋಡಿದ. ಧಣಿ ಮೈಕು ಬಿಟ್ಟು ಡ್ರೈವರಿಗೆ ಕೂಗಿದ: "ಹಿಂದಕ್ಕೆ ತಗೊಳೋ ಬೋಳಿಮಗನೆ. ತುಳ್ಸಾಕು ಎಲ್ಲಾನೂ. ಮುದ್ದೆ ಆದ್ಮೇಲೆ ಯಾವನು ಅಳೀತಾನೆ ನೋಡ್ತೀನಿ."

ಎಂಜಿನ್ನು ಗುರುಗುಟ್ಟಿತು. ಹಿಂದಿನ ಗಾಲಿ ರಾಶಿಯ ಅಂಚು ಹತ್ತಿತು, ಪಚಪಚ ಸದ್ದು ಶುರುವಾಯಿತು. ಗಿಣಿ ತಿರುಗಿ ನೋಡಲಿಲ್ಲ. ಯಾರೋ ಅವಳ ಪಕ್ಕಕ್ಕೆ ಬಂದು ನಿಂತರು. ದೊಡ್ಡಕ್ಕ.

"ಸರಿಯೇ ಆ ಕಡೆ, ಜಾಗ ಬಿಡು," ಅಂದು ದೊಡ್ಡಕ್ಕ ಸೀರೆ ಎತ್ತಿ ಕಟ್ಟಿ ಮರಿಗಳ ಮೇಲೆ ಕೂತಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಉಳಿದವರು ನಿಂತಲ್ಲೇ ನಿಂತಿದ್ದರು.

ದೊಡ್ಡಕ್ಕ ಒಂದು ಮರಿ ಎತ್ತಿ ಗಿಣಿಯ ಕೈಗೆ ಕೊಟ್ಟಳು. ಗಿಣಿ ಅದರ ಬಾಲ ನೆಟ್ಟಗೆ ಮಾಡಿ ಹಲಗೆಯ ಮೇಲಿಟ್ಟಳು. ಸಾಹೇಬನ ಪೆನ್ನು ಜೇಬಿನಲ್ಲೇ ಇತ್ತು. ಲಾರಿಯ ಬಿಸಿ ಕಬ್ಬಿಣ ಬೆನ್ನಿಗೆ ತಾಗಿತು.

"ಬರ್ಕೊಳ್ಳಿ," ಅಂದಳು ಗಿಣಿ.