ಹೊಸ ಬಾಯ್ಲರಿನ ವಯಸ್ಸು

"ಕಾಲಿನ ಹತ್ರ ಬಿಟ್ಟಿದೀಯಲ್ಲೇ ಕುರುಡಿ! ಅಲ್ಲಿಗೇನು ನಿಮ್ಮಪ್ಪ ಬಂದು ಬಳೀತಾನಾ?"

ನಮ್ಮಪ್ಪ ಪಕ್ಕದಲ್ಲೇ ನಿಂತಿದ್ದ. ಅವನ ಕೈಯಲ್ಲೂ ಬ್ರಷ್ ಇತ್ತು. ನಾನು ಬಗ್ಗಿ ಬಾಯ್ಲರಿನ ಕಾಲಿಗೂ ಕೆಂಪು ಬಣ್ಣ ಹಚ್ಚಿದೆ.

ಬಯ್ದವನು ಪ್ರೆಂಟಿಸ್, ಮಾಲೀಕನ ಮ್ಯಾನೇಜರು. ಮಾಲೀಕನನ್ನು ನಾವ್ಯಾರೂ ನೋಡಿಲ್ಲ. ಬ್ರಾಂಕ್ಸಿನ ಈ ಆರು ಅಂತಸ್ತಿನ ಕಟ್ಟಡದ ಕಸ ತೆಗೆಯುವುದು, ಹಿಮ ಗೋರುವುದು, ಬಾಯ್ಲರ್ ಉರಿಸಿ ಮನೆಮನೆಗೂ ಶಾಖ ಕಳಿಸುವುದು ಅಪ್ಪನ ಕೆಲಸ. ಅದಕ್ಕೆ ಒಂದಿಷ್ಟು ಸಂಬಳ, ನೆಲಮಾಳಿಗೆಯಲ್ಲಿ ಬಾಯ್ಲರಿನ ಗೋಡೆಯಾಚೆ ಎರಡು ಕೋಣೆ. ಕೆಲಸ ಹೋದ ದಿನ ಕೋಣೆಯೂ ಹೋಗುತ್ತದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನೂ ಅಪ್ಪನ ಜೊತೆ ದುಡಿಯುತ್ತೇನೆ. ನನಗೆ ಸಂಬಳವಿಲ್ಲ. "ಮಗಳಲ್ವಾ" ಎಂದು ಪ್ರೆಂಟಿಸನೇ ತೀರ್ಮಾನ ಮಾಡಿದ್ದ.

ಬಾಯ್ಲರಿನ ಬೆನ್ನಿಗೆ ಅಂಗೈಯಗಲದ ಕಬ್ಬಿಣದ ಫಲಕವಿತ್ತು. ಅದರ ಮೇಲೆ ಎರಡು ಸಲ ಬಳಿ ಎಂದ. ಬಳಿಯುವ ಮೊದಲು ಅದರಲ್ಲಿ ಕೊರೆದಿದ್ದ ತಯಾರಾದ ವರ್ಷ ಓದಿಕೊಂಡೆ. 1957. ಬರುವ ವರ್ಷಕ್ಕೆ ಅರವತ್ತೇಳು. ನಾಲ್ಕನೇ ಅಂತಸ್ತಿನ ಒಡೆಸ್ಸಾ ಅಮ್ಮನಿಗಿಂತ ಎರಡೇ ವರ್ಷ ಚಿಕ್ಕದು.

ಅಷ್ಟು ಹೊತ್ತಿಗೆ ಬಾಯ್ಲರ್ ರಿಪೇರಿಗೆ ಬಂದಿದ್ದ ಡೆಸ್ಮಂಡ್ ಸಾಮಾನಿನ ಚೀಲ ಕಟ್ಟುತ್ತಿದ್ದ. ಜಮೈಕಾದವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೂರು ದಿನದಿಂದ ಸೋರುತ್ತಿದ್ದ ಕಡೆ ಬೆಸುಗೆ ಹಾಕಿ, ಉರಿ ಬರುವ ಮೂತಿಯೊಂದನ್ನು ಬದಲಾಯಿಸಿದ್ದ. ಅಷ್ಟೇ ಆಗಿದ್ದ ಕೆಲಸ.

"ರಿಪೇರಿ ಅಂತ ಬರೆದ್ರೆ ಮಾರಾಟ ತೆರಿಗೆ ಬೀಳುತ್ತೆ ಸಾಹೇಬ್ರೇ, ನೂರಕ್ಕೆ ಹತ್ತಿರ ಹತ್ತಿರ ಒಂಬತ್ತು. ಹೊಸದು ಕೂರಿಸಿದ್ದು ಅಂತಾದ್ರೆ ನಿಮಗೆ ತೆರಿಗೆ ಇಲ್ಲ. ಆದ್ರೆ ಹಂಗಂತ ಈ ಫಾರಂಗೆ ನೀವೇ ರುಜು ಹಾಕ್ಬೇಕು."

"ಹೊಸದೇ ಕಣಯ್ಯಾ. ಕಣ್ಣಿಲ್ವಾ ನಿಂಗೆ? ಹೆಂಗೆ ಹೊಳೀತಿದೆ ನೋಡು!"

ಡೆಸ್ಮಂಡ್ ಬಾಯ್ಲರಿನ ಮೇಲೆ ಕೈಯಿಟ್ಟು ತೆಗೆದ. ಅಂಗೈಯೆಲ್ಲ ಕೆಂಪಾಗಿತ್ತು.

"ಹೌದು ಸ್ವಾಮಿ. ಈಗಷ್ಟೇ ಹೆರಿಗೆ ಆಗಿರೋ ಹಂಗಿದೆ. ಸೂಲಗಿತ್ತಿ ಇನ್ನೂ ಮೈ ಒರೆಸಿಲ್ಲ."

ನನಗೆ ನಗು ಬಂತು. ಅಪ್ಪ ಕಣ್ಣಲ್ಲೇ ಗದರಿದ. ಪ್ರೆಂಟಿಸ್ ರುಜು ಹಾಕಿದ. ಇನ್ನೂ ಮೂರು ಕಟ್ಟಡಗಳ ರಿಪೇರಿ ಕೆಲಸ ಡೆಸ್ಮಂಡನಿಗೆ ಕೊಡುವುದೂ ಬಿಡುವುದೂ ಅವನ ಕೈಯಲ್ಲಿತ್ತು. ಡೆಸ್ಮಂಡ್ ಒಂದು ಪ್ರತಿ ಅವನಿಗೆ ಕೊಟ್ಟು, ಫಾರಂ ಮಡಿಸಿ ಜೇಬಿಗಿಟ್ಟುಕೊಂಡು ಹೊರಟ.

ಆ ಸುಳ್ಳು ತೆರಿಗೆಯಲ್ಲೇ ಮುಗಿಯುತ್ತದೆ ಅಂದುಕೊಂಡಿದ್ದೆ. ಜನವರಿಯಲ್ಲಿ ಪ್ರೆಂಟಿಸ್ ಒಂದು ಕಟ್ಟು ಕಾಗದ ಕೊಟ್ಟು ಎಲ್ಲ ಬಾಗಿಲ ಕೆಳಗೂ ತೂರಿಸು ಎಂದ. ರಿಪೇರಿಗೆ ಬಾಡಿಗೆ ಏರಿಸುವಂತಿಲ್ಲ, ಹೊಸದು ಕೂರಿಸಿದರೆ ಏರಿಸಬಹುದು; ಹೊಸ ಬಾಯ್ಲರ್ ಕೂರಿಸಿರುವುದರಿಂದ ಎಲ್ಲರ ಬಾಡಿಗೆ ಏರುತ್ತದೆ, ಆಧಾರಕ್ಕೆ ಅದೇ ಫಾರಂ.

ನಾಲ್ಕನೇ ಅಂತಸ್ತಿನಲ್ಲಿ ಕಾಗದ ಅರ್ಧ ತೂರಿತ್ತು, ಬಾಗಿಲು ತೆರೆಯಿತು.

"ಏನೇ ಹುಡುಗಿ, ಕದ್ದು ಕದ್ದು ಪ್ರೇಮಪತ್ರ ಹಾಕ್ತಿದೀಯಾ? ಈ ಮುದುಕಿಗೆ ಯಾರೇ ಬರೆದೋನು?"

ಒಡೆಸ್ಸಾ ಅಮ್ಮ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಮನೆಯೊಳಗೂ ಕೋಟು ತೊಟ್ಟಿದ್ದರು. ಕಾಗದ ಓದುತ್ತಾ ಹೋದ ಹಾಗೆ ಅವರ ನಗು ಇಳಿಯಿತು.

"ತಿಂಗ್ಳಿಗೆ ಇಪ್ಪತ್ತೇಳು ಡಾಲರಾ? ರಕ್ತದೊತ್ತಡದ ಮಾತ್ರೇನ ಈಗ್ಲೇ ಅರ್ಧ ಮುರಿದು ನುಂಗ್ತಿದೀನಿ. ಇನ್ನು ಕಾಲು ಮಾಡ್ಲಾ? ಹೊಸ ಬಾಯ್ಲರ್ ಅಂತೆ, ಅವನ ತಲೆ! ಹೊಸದಾಗಿದ್ರೆ ನಾನ್ಯಾಕೆ ಕೋಟು ಹಾಕ್ಕೊಂಡು ಮೊಟ್ಟೆ ಹುರೀತೀನಿ? ನೀನು ಕೆಳಗೇ ಇರೋಳಲ್ವೇನೇ, ಹೇಳು."

ನಾನು ಅವರ ಚಪ್ಪಲಿ ನೋಡುತ್ತಾ ನಿಂತೆ.

"ಹೋಗ್ಲಿ ಬಿಡು. ನಿಮ್ಮಪ್ಪನ ಅನ್ನ ಕಿತ್ಕೊಳ್ಳೋ ಮಾತು ನಿನ್ನ ಬಾಯಿಂದ ಬ್ಯಾಡ."

ಅಂದೇ ಮನೆಮನೆ ಹತ್ತಿಳಿದು ಆಕ್ಷೇಪಣೆಗೆ ರುಜು ಹಾಕಿಸಿದರು. ಸರ್ಕಾರದ ಬಾಡಿಗೆ ಕಚೇರಿಯಿಂದ ಪರೀಕ್ಷೆಗೆ ಬರುತ್ತಾರೆಂದು ಫೆಬ್ರವರಿಯಲ್ಲಿ ತಿಳಿಯಿತು. ಪ್ರೆಂಟಿಸ್ ಅಪ್ಪನ ಎದೆಗೆ ಬೆರಳು ಚುಚ್ಚಿ ಹೇಳಿದ:

"ಕೇಳಿದ್ರೆ ಹೊಸದು ಅನ್ನು. ಬೇರೆ ಏನಾದ್ರೂ ಬೊಗಳಿದ್ರೆ ಶುಕ್ರವಾರ ಗಂಟುಮೂಟೆ ಕಟ್ಕೊಂಡು ಹೊರಡ್ತಿರು, ಮುಂಡೇದೇ."

ಬಂದ ಅಧಿಕಾರಿ ತೆಳ್ಳಗಿನ ಹೆಂಗಸು. ಕೈಯಲ್ಲಿ ಫಾರಮಿನ ಪ್ರತಿ.

"ಹೊಸದಾಗಿ ಕೂರಿಸಿದ್ದು ಅಂತ ರುಜು ಇದೆ. ತೆರಿಗೆ ಕಟ್ಟಿಲ್ಲ. ತಯಾರಾದ ವರ್ಷದ ಫಲಕ ಎಲ್ಲಿ?"

"ಫಲಕ ಅಂಚೇಲಿ ಬರ್ತಾ ಇದೆ ಮೇಡಂ," ಎಂದ ಪ್ರೆಂಟಿಸ್.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮುಂದೆ ಒಡೆಸ್ಸಾ ಅಮ್ಮ, ಕೈಯಲ್ಲಿ ಬೆಳ್ಳನೆಯ ತೆಂಗಿನಕಾಯಿ ಕೇಕು. ಹಿಂದೆ ಇಪ್ಪತ್ತು ಜನ, ಕೆಲವರ ಕೈಯಲ್ಲಿ ಬಲೂನು.

"ಕೂಸು ನೋಡೋಕೆ ಬಂದ್ವಿ ಸ್ವಾಮಿ. ಮನೆಗೆ ಹೊಸ ಕೂಸು ಬಂದಿದೆ ಅಂತ ಕಾಗದ ಹಾಕ್ಸಿದೋರು ಒಂದು ಕೇಕಾದ್ರೂ ಕೊಯ್ಯಬಾರದಾ?"

ಬಾಯ್ಲರ್ ಗೊರಗೊರ ಎಂದಿತು.

"ಪಾಪ, ಹುಟ್ತಾನೇ ದಮ್ಮು!" ಎಂದ ಒಬ್ಬ.

"ಯಾರ ಹೋಲಿಕೆ?"

"ಮ್ಯಾನೇಜರ್ದೇ. ಹೊರಗೆ ಬಣ್ಣ, ಒಳಗೆ ತುಕ್ಕು."

ಅಧಿಕಾರಿ ತುಟಿ ಕಚ್ಚಿ ನಗು ತಡೆದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ನೀವು ಹೇಳಿ. ಎಷ್ಟು ವರ್ಷದ್ದು?"

ಅಪ್ಪ ಬಾಯಿ ತೆರೆದ. ಪ್ರೆಂಟಿಸ್ ಅವನನ್ನೇ ನೋಡುತ್ತಿದ್ದ. ಅಪ್ಪನ ಬಾಯಿ ಮುಚ್ಚಿಕೊಂಡಿತು.

ಒಡೆಸ್ಸಾ ಅಮ್ಮನ ಕೋಟಿನ ಜೇಬಿನಿಂದ ಮೇಣದ ಬತ್ತಿಯ ಪೊಟ್ಟಣಗಳು ಇಣುಕುತ್ತಿದ್ದವು. ನಾನು ಹೋಗಿ ಒಂದನ್ನು ತೆಗೆದುಕೊಂಡೆ. ಕೇಕಿಗೆ ಒಂದು ಬತ್ತಿ ಚುಚ್ಚಿದೆ. ಪ್ರೆಂಟಿಸ್ ಹಲ್ಲು ಬಿಟ್ಟ. ಎರಡನೆಯದು ಚುಚ್ಚಿದೆ. ಹತ್ತಾಯಿತು. ಇಪ್ಪತ್ತನಾಲ್ಕಕ್ಕೆ ಮೊದಲ ಪೊಟ್ಟಣ ಖಾಲಿಯಾಯಿತು.

"ಲೇ ಹುಡುಗಿ, ಶುಕ್ರವಾರ!" ಎಂದ ಪ್ರೆಂಟಿಸ್.

ಎರಡನೇ ಪೊಟ್ಟಣ ಬಿಚ್ಚಿದೆ, ಅದು ಮುಗಿದ ಮೇಲೆ ಮೂರನೆಯದು. ಅಧಿಕಾರಿ ತುಟಿಯಲ್ಲೇ ಎಣಿಸುತ್ತಿದ್ದರು. ಅರವತ್ತಕ್ಕೆ ಕೇಕಿನ ಮೇಲೆ ಜಾಗ ಮುಗಿಯಿತು. ಒಡೆಸ್ಸಾ ಅಮ್ಮ ತಟ್ಟೆಯನ್ನು ಮೆಲ್ಲಗೆ ತಿರುಗಿಸಿ ಕೇಕಿನ ಪಕ್ಕೆ ತೋರಿಸಿದರು.

ಅರವತ್ತೇಳನೆಯದನ್ನು ಚುಚ್ಚಿ ಕೈ ತೆಗೆದೆ.

ಅಪ್ಪ ಮುಂದೆ ಬಂದು, ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದ.