ರುಚಿ ನೋಡಿದ ನೀರು

ಅವ್ವ ತೀರಿಕೊಂಡು ತಿಂಗಳಾಗಿತ್ತು. ನನಗೆ ಇನ್ನೂ ಅಳು ಬಂದಿರಲಿಲ್ಲ. ಖೂಬಾ ಪ್ಲಾಟ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಎದ್ದು, ಎರಡು ರೊಟ್ಟಿ ಬಡಿದು, ಒಂದನ್ನು ತಿಂದು ಆಫೀಸಿಗೆ ಹೋಗುತ್ತಿದ್ದೆ. ಎರಡನೆಯದನ್ನು ಯಾರಿಗೆಂದು ಬಡಿಯುತ್ತಿದ್ದೆನೋ. ಕೈಗೆ ರೂಢಿ, ಅಷ್ಟೆ.

ನಮ್ಮದು ಲೆಕ್ಕ ತನಿಖೆಯ ಆಫೀಸು. ಮೊದಲೆಲ್ಲ ಊರೂರಿನ ರಸೀದಿಗಳನ್ನು ತಾಳೆ ನೋಡಿ ಕೆಂಪು ಶಾಯಿಯಲ್ಲಿ ಗೀಚಿದರೆ ಕೆಲಸ ಮುಗಿಯುತ್ತಿತ್ತು. ತೊಂಬತ್ತಾರರಲ್ಲಿ ಮೇಲಿನಿಂದ ಹೊಸ ಹುಕುಂ ಬಂತು. ದುಡ್ಡು ಖರ್ಚಾಯಿತೆಂದು ನೋಡಿದರೆ ಸಾಲದು, ಅದರಿಂದ ಜನಕ್ಕೆ ಏನು ಸಿಕ್ಕಿತೆಂದು ಹೋಗಿ ನೋಡಿ ಬರೆಯಬೇಕು. ನಳ ಹಾಕಿದ್ದರೆ ನೀರು ಬರುತ್ತದೋ ಇಲ್ಲವೋ, ಅದು. ಇಷ್ಟು ತಿಳಿಯಲು ಸರ್ಕಾರಕ್ಕೆ ಸುಮಾರು ಐವತ್ತು ವರ್ಷ ಬೇಕಾಯಿತು.

ಕಮಲಾಪುರದ ಅಂಚಿನಲ್ಲಿ ನಮ್ಮವರ ಓಣಿಯೊಂದಿದೆ. ನಮ್ಮವರೆಂದರೆ ಗೋಡೆಗೆ ಬುದ್ಧನ ಪಟ ಹಾಕಿಕೊಂಡವರು, ಊರ ಬಾವಿಗೆ ಒಂದು ಕಾಲಕ್ಕೆ ಹಗ್ಗ ಇಳಿಸಲಾಗದವರು. ಅಲ್ಲಿ ಮನೆಮನೆಗೆ ನಳ ಹಾಕಿದ್ದರು. ಹಿಂದಿನ ವರ್ಷ ನಮ್ಮ ಸಾಹೇಬರಾದ ಮಲ್ಲಣ್ಣನವರೇ ನೋಡಿ ಬಂದು, 'ನೀರು ಸಮರ್ಪಕ. ಸ್ವತಃ ಕುಡಿದು ರುಚಿ ನೋಡಲಾಗಿದೆ, ಸಿಹಿಯಿದೆ' ಎಂದು ಬರೆದಿದ್ದರು. ಎತ್ತು ಈದಿದೆ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಇಲಾಖೆ ನಮ್ಮದು. ಈ ಸಲವೂ ಸಮರ್ಪಕ ಎಂದರೆ ಕಡತ ಮುಚ್ಚುತ್ತದೆ, ಆಮೇಲೆ ಆ ಓಣಿಗೆ ಒಂದು ಅಡಿ ಪೈಪೂ ಸಿಗುವುದಿಲ್ಲ. ಈ ಸಲದ ಪಾಳಿ ನನ್ನದಾಗಿತ್ತು.

ಮಲ್ಲಣ್ಣನವರು ಕೆಟ್ಟವರಲ್ಲ. ಅವ್ವ ಹೋದ ದಿನ ಕೇಳುವ ಮೊದಲೇ ನನ್ನ ರಜೆಗೆ ಸಹಿ ಹಾಕಿದ್ದರು. ಅವಳು ಹಾಸಿಗೆ ಹಿಡಿದಾಗ ಹಣ್ಣು ತಂದು ನೋಡಿ ಹೋಗಿದ್ದರು. "ಸಾಹೇಬ್ರಿಗಿ ನೀರು ಕೊಡು" ಎಂದು ಅವ್ವ ಹೇಳಿದಳು. ಕೊಟ್ಟ ಲೋಟವನ್ನು ಅವರು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದು, ಏಳುವಾಗ ಕೆಳಗಿಟ್ಟರು. ಅವರು ಹೋದ ಮೇಲೆ ಅವ್ವ ಆ ನೀರನ್ನು ತಾನೇ ಕುಡಿದು ಗೋಡೆ ಕಡೆ ಹೊರಳಿದಳು. ಸಾಹೇಬರ ಹೊಟ್ಟೆ ಸೂಕ್ಷ್ಮ, ಹೋದಲ್ಲೆಲ್ಲ ಮನೆಯ ನೀರು ಒಯ್ಯುತ್ತಾರೆ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ. ನಂಬುವುದು ಸುಲಭವಾಗಿತ್ತು.

ಡ್ರೈವರ್ ಮಂಜೂರ್ ಜೊತೆ ಕಮಲಾಪುರಕ್ಕೆ ಹೋದೆ. ನೀರು ಬರುತ್ತದೆಯೇ ಎಂದು ಕೇಳಿದರೆ ಜನ ಜೀಪಿಗೆ ಹೆದರಿ ಹೂಂ ಅನ್ನುತ್ತಾರೆ. ಅದಕ್ಕೆ ನಾನು ಕುಡಿಯಲು ಕೇಳುತ್ತಿದ್ದೆ. ಮೊದಲನೆಯ ಮನೆಯಲ್ಲಿ ಸ್ವಲ್ಪ ಗಡಿಬಿಡಿಯಾಗಿ, ಹಿತ್ತಲ ಕಡೆಯಿಂದ ಹಿತ್ತಾಳೆ ತಂಬಿಗೆಯಲ್ಲಿ ನೀರು ಬಂತು, ಜೊತೆಗೆ ಒಂದು ಚೂರು ಬೆಲ್ಲ. ಎರಡನೆಯ ಮನೆಯಲ್ಲೂ ಹಾಗೇ. ಮೂರನೆಯ ಮನೆಯ ತಂಬಿಗೆಯ ಕುತ್ತಿಗೆಯಲ್ಲಿ ನೆಗ್ಗು ಕಂಡಿತು. ಮೊದಲ ಮನೆಯದರಲ್ಲೂ ಅದೇ ನೆಗ್ಗಿತ್ತು.

"ಮೇಡಮ್, ಈ ತಂಬಿಗಿ ನಮಗಿಂತ ಮುಂದ ಓಡಾಕತ್ತದ" ಅಂದ ಮಂಜೂರ್, ನಗುತ್ತ.

ನನಗೆ ನಗು ಬರಲಿಲ್ಲ. ಹಿತ್ತಲಿಗೆ ಹೋದೆ. ನಳಕ್ಕೆ ಆಡು ಕಟ್ಟಿದ್ದರು. ಬಿದ್ದ ಗೋಡೆಯ ಸಂದಿನಲ್ಲಿ ಒಬ್ಬ ಹೆಂಗಸು, ತಂಬಿಗೆ ವಾಪಸು ಪಡೆದು ನಾಲ್ಕನೆಯ ಮನೆಗೆ ಕೊಡಲೆಂದು ಕೈ ಚಾಚಿ ನಿಂತಿದ್ದಳು. ಹೆಸರು ಸಾಬಮ್ಮ. ತಂಬಿಗೆ ಅವಳದು, ಅದರಲ್ಲಿದ್ದ ನೀರೂ ಅವಳದೇ.

"ಯಾಕವ್ವಾ ಹೀಂಗ? ನೀರಿಲ್ಲ ಅಂತ ಹೇಳಬೇಕಿಲ್ಲ?" ಅಂದೆ.

ಅವಳು ಸೆರಗು ಎಳೆದುಕೊಂಡಳು. "ಹ್ಯಾಂಗ ಹೇಳೋದ್ರಿ ಬಾಯಾರ? ಈ ಓಣ್ಯಾಗ ಇಲ್ಲೀತನಕ ಯಾವ ಆಫೀಸರೂ ಕುಡಿಯಾಕ ನೀರು ಕೇಳಿಲ್ಲ. ನೀವು ಕೇಳಿದ್ರಿ. ಕೇಳಿದವ್ರಿಗಿ ಇಲ್ಲ ಅಂತ ಯಾವ ಬಾಯಿಲೆ ಅನ್ನೋದು? ನಳಾ ಅಂತೂ ಒಂದಿನಾನೂ ಬಂದಿಲ್ರಿ. ದೂರದ ಬಾಂವಿಲಿಂದ ಹೊತ್ಕೊಂಡು ಬರ್ತೀವಿ."

"ಹೋದ ವರ್ಷ ಒಬ್ಬ ಸಾಹೇಬ್ರು ಬಂದು ಕುಡದಾರಂತಲ್ಲ?"

"ಅವರಾ? ಅವರು ಜೀಪಿನಾಗಿಂದ ಇಳೀಲೇ ಇಲ್ರಿ."

ನಾನು ಕುಡಿದದ್ದು ಆಕೆಯ ಮನೆಗೆ ಅಂದಿಗೆ ಉಳಿದಿದ್ದ ನೀರು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಂಡದ್ದನ್ನು ಬರೆದುಕೊಂಡು ಜೀಪು ಹತ್ತಿದೆ.

ಮರುದಿನ ಮಲ್ಲಣ್ಣನವರು ನನ್ನ ವರದಿಯನ್ನು ಎರಡು ಸಲ ಓದಿದರು. ದನಿ ಏರಿಸುವ ಮನುಷ್ಯ ಅಲ್ಲ.

"ನೋಡವಾ ಶೇವಂತಾ, ನೀರಿಲ್ಲ ಅಂತ ಬರದೀದಿ. ಮೂರು ಮನ್ಯಾಗ ನೀರು ಕುಡದೀನಿ ಅಂತಾನೂ ಬರದೀದಿ. ನೀರಿಲ್ಲದವ್ರು ನೀರು ಹ್ಯಾಂಗ ಕೊಟ್ರು? ಒಂದು ತಂಬಿಗಿ ಕತಿ ಮ್ಯಾಲಿನವ್ರು ನಂಬ್ತಾರೇನು? ಅವ್ವ ಹೋಗ್ಯಾಳ, ನಿನ್ನ ಮನಸ್ಸು ಸರಿ ಇಲ್ಲ. ಸಮರ್ಪಕ ಅಂತ ಮಾಡಿ ಕೊಡು."

ಓಣಿಯವರ ಮರ್ಯಾದೆ ಅವರ ಮೇಲೆಯೇ ಸಾಕ್ಷಿಯಾಗಿ ತಿರುಗಿತ್ತು. ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಜೀವ ಬೇಕು. ತಿಳಿದುಕೊಳ್ಳಬೇಕಿದ್ದದ್ದನ್ನು ಮಾತ್ರ ಕೇಳಿದೆ.

"ಆಗ್ಲಿ ಸಾಹೇಬ್ರ. ಹೋದ ವರ್ಷ ನೀವು ಕುಡದು ರುಚಿ ನೋಡೀನಿ ಅಂತ ಬರದೀರಿ. ಯಾರ ಮನ್ಯಾಗ ಕುಡದ್ರಿ ಅಂತ ಹೇಳ್ರಿ. ಆ ಮನಿ ಹೆಸರು ಹಾಕಿ ಸಮರ್ಪಕ ಅಂತ ಬರೀತೀನಿ. ಸಾಬಮ್ಮನ ಮನ್ಯಾಗೇನು?"

ಆಚೆ ಮೇಜಿನಲ್ಲಿ ಇಬ್ಬರು ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಒಬ್ಬರು ಸಾಹೇಬರ ಬೀಗರ ಪೈಕಿ. ಮಲ್ಲಣ್ಣನವರು ಅವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅತ್ತ ದರಿ, ಇತ್ತ ಪುಲಿ. ಕುಡಿದೆ ಅಂದರೆ ಮಾತು ಸಂಜೆಯೊಳಗೆ ಅವರ ಅಡುಗೆಮನೆ ಮುಟ್ಟುತ್ತಿತ್ತು. ಕುಡಿದಿಲ್ಲ ಅಂದರೆ ಬರೆದದ್ದು ಸುಳ್ಳಾಗುತ್ತಿತ್ತು. ಸುಳ್ಳು ವರದಿಗೆ ಬಡ್ತಿ ನಿಲ್ಲುತ್ತದೆ, ಮತ್ತು ಅವರ ಬಡ್ತಿ ಬಾಗಿಲಲ್ಲಿತ್ತು.

ಬಹಳ ಹೊತ್ತು ಯೋಚಿಸುತ್ತಾರೆ ಅಂದುಕೊಂಡಿದ್ದೆ. ಯೋಚಿಸಲಿಲ್ಲ.

"ಛೇ ಛೇ, ಆ ಓಣ್ಯಾಗ ನಾನ್ಯಾಕ ಕುಡೀಲಿ?" ಅಂದರು, ಗುಮಾಸ್ತರಿಗೂ ಕೇಳುವಂತೆ. ಪೆನ್ನು ತೆಗೆದು ನನ್ನ ವರದಿಯ ಕೆಳಗೆ, 'ಹಿಂದಿನ ವರದಿ ಸರಿಯಲ್ಲ. ನಾನು ಅಲ್ಲಿಯ ನೀರು ಕುಡಿದಿಲ್ಲ' ಎಂದು ಬರೆದು ಸಹಿ ಹಾಕಿದರು. ಕುಡಿದಿಲ್ಲ ಅನ್ನುವುದರ ಕೆಳಗೆ ಎರಡು ಗೆರೆ ಎಳೆದರು. ಬಡ್ತಿಗಿಂತ ಅದು ಅವರಿಗೆ ಮುಖ್ಯವಾಗಿತ್ತು.

ಕಡತ ಮುಚ್ಚಲಿಲ್ಲ. ಓಣಿಗೆ ಪೈಪು ಬರುವುದು ಖಾತ್ರಿಯಾಯಿತು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಸಂಜೆ ಕೋಣೆಗೆ ಬಂದು ಕುಡಿಯಲು ಲೋಟ ತೆಗೆದುಕೊಂಡೆ. ಅಂದು ಸಾಹೇಬರು ಕೆಳಗಿಟ್ಟು ಹೋದ ಲೋಟ ಅದೇ. ಆ ನೀರನ್ನು ತಾನೇ ಕುಡಿದು ಅವ್ವ ಗೋಡೆ ಕಡೆ ಹೊರಳಿದ್ದಳಲ್ಲ, ಅವರು ಯಾಕೆ ಕುಡಿಯಲಿಲ್ಲವೆಂದು ಅವಳಿಗೆ ಆವತ್ತೇ ತಿಳಿದಿತ್ತು. ನಾನು ಅದೇ ಆಫೀಸಿಗೆ ದಿನಾ ಹೋಗಬೇಕಲ್ಲ ಎಂದು ನನಗೆ ಹೇಳದೆ ಹೋಗಿದ್ದಳು.

ಆಗ ನನಗೆ ಅಳು ಬಂತು.