ಉಸಿರಳೆಯುವ ತಂತಿ

ಗುರ್ ಗುರ್ ಅನ್ನುತ್ತಿದೆ, ಉಂಡು ಮಲಗಿದ ಮಾವನವರ ಹಾಗೆ, ಒಂದೇ ಸಮನೆ, ಮನೆಯಂಗಳದಲ್ಲಿ ಇಷ್ಟು ಸಾಧುವಾಗಿ ಉಸಿರಾಡುವ ಕಾರಿನ ಇಂಜಿನ್ನು ನಿನ್ನೆ ರೈಲ್ವೆ ಗೇಟಿನಲ್ಲಿ, ಸರಿಯಾಗಿ ಹಳಿಯ ಮೇಲೆಯೇ ಯಾಕೆ ಸತ್ತಿತು — ಸ್ಟಿಯರಿಂಗ್ ಹಿಡಿದು ಇವಳು, ಹಿಂದೆ ಪುಟ್ಟಿ, ಪಕ್ಕದಲ್ಲಿ ನಾನು, ಮುಂದಿನ ಗಾಜಿನಲ್ಲಿ ಗೇಟಿನ ಕೋಲು ಇಳಿಯುತ್ತಿದೆ, ಕೆಂಪು, ಬಿಳಿ, ಕೆಂಪು, ಊರಿನವರ ದನಿಯನ್ನೆಲ್ಲ ಅಣಕಿಸುವ ನನ್ನಂಥ ಶೂರನಿಗೆ ಕೂಗಿಕೊಳ್ಳಲು ಸ್ವಂತ ದನಿಯೇ ಸಿಗಲಿಲ್ಲ, ಹಿಂದಿದ್ದ ಲಾರಿಯವರು ಓಡಿಬಂದು ಹಳಿಯಿಂದಾಚೆ ದೂಡಿದರು — ಬೇಡ, ಅದು ಬೇಡ, ಬಾನೆಟ್ಟಿನೊಳಗೆ ನೋಡು, ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ್ದು ಇಷ್ಟೇ, ನೀವು ಬಾಯಲ್ಲಿ ಕೆಮ್ಮಿ ತೋರಿಸ್ಬೇಡಿ ಸಾರ್, ಕೆಮ್ಮೋ ಕೆಲಸ ಇಂಜಿನ್ನಿಗೇ ಬಿಡಿ, ಏರ್ ಫಿಲ್ಟರ್ ಡಬ್ಬದ ಪಕ್ಕ ಪೈಪಿನ ಮೇಲೆ ಗಾಳಿ ಅಳೆಯೋ ಸೆನ್ಸರ್ ಇರುತ್ತೆ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಇಂಜಿನ್ ಮುಗ್ಗರಿಸಿದ್ರೆ ಅದೇ ಕಳ್ಳ. ಒಳಗೆ ಕೂದಲಿಗಿಂತ ಸಣ್ಣ ತಂತಿಯಂತೆ, ಅದಕ್ಕೆ ಸೋಕಿದ ಗಾಳಿಯ ಲೆಕ್ಕದಲ್ಲೇ ಪೆಟ್ರೋಲು, ಅಂದರೆ ಗಾಳಿಮಾತು ನಂಬಿಕೊಂಡೇ ಗಾಡಿ ಓಡುವುದು, ಗಾಡಿಯನ್ನು ನಂಬಿಕೊಂಡು ಇವಳು, ಇವಳನ್ನು ನಂಬಿಕೊಂಡು ಪುಟ್ಟಿ — ತಟ್ಟಿದೆ. ಗುರ್ ಗುರ್. ಏನೂ ಇಲ್ಲ. ಡ್ರೈವರ್ ಕಿಟಕಿಯಿಂದ ಇವಳ ತಲೆ, ಆಯ್ತೇನ್ರೀ, ಅಮ್ಮನ್ನ ಆಸ್ಪತ್ರೆಯಿಂದ ಮಧ್ಯಾಹ್ನ ಬಿಡ್ತಾರೆ, ಸರಿಯಿದ್ರೆ ಸರಿಯಿದೆ ಅನ್ನಿ, ನಾನೂ ಪುಟ್ಟಿನೂ ಹೊರಡ್ತೀವಿ. ಅದೇ ಗೇಟು, ಬೇರೆ ದಾರಿಯಿಲ್ಲ, ಕೋಲು, ಕೆಂಪು, ಬಿಳಿ, ಸರಿಯಿದೆ ಅನ್ನಲೇ, ನಾಲಿಗೆಯ ತುದಿಗೆ ಬಂದಿದೆ, ಅಂದುಬಿಟ್ಟರೆ ಅವಳು ಹೊರಟೇಬಿಡುತ್ತಾಳೆ, ನನ್ನ ಎಲ್ಲ ಸುಳ್ಳು ದನಿಗಳನ್ನೂ ಹಿಡಿಯುವವಳು ಇದೊಂದನ್ನು ನಂಬಿಬಿಡುತ್ತಾಳೆ. ಹಿಂದಿನ ಸೀಟಿನಿಂದ ಕೂ — ಚುಕುಬುಕು ಚುಕುಬುಕು, ಅಪ್ಪಾ, ರೈಲು ಬಂತು ದಾರಿ ಬಿಡು, ನಾನೇ ಕಲಿಸಿದ ದನಿ, ನನಗಿಂತ ಚೆನ್ನಾಗಿ ಮಾಡುತ್ತದೆ ಕೂಸು, ದೂರದಿಂದ ಹತ್ತಿರ, ಹತ್ತಿರದಿಂದ ಇನ್ನೂ ಹತ್ತಿರ — ಬಾಯಿ ಮುಚ್ಚೇ! ಈ ಗದರಿದ ದನಿ ಯಾರದು, ನನ್ನದೇ, ಯಾರನ್ನೂ ಅಣಕಿಸದ ನನ್ನದೇ ದನಿ, ಅಷ್ಟು ಹೊತ್ತಿಗೆ ಸ್ಕ್ರೂಡ್ರೈವರ್ ಹಿಡಿದ ಕೈ ತಾನಾಗಿ ಇನ್ನೊಮ್ಮೆ ತಟ್ಟಿತ್ತು, ಸ್ವಲ್ಪ ಜೋರಾಗಿಯೇ, ಗುರ್, ಗು — ನಿಂತಿತು. ಸಿಕ್ಕ, ಕಳ್ಳ ಸಿಕ್ಕ, ನಗಬೇಕು ನಾನು, ಹೊರಡಬೇಡ ಕಣೇ ಅನ್ನಬೇಕು, ಆದರೆ ಈ ಮೌನ ನನಗೆ ಗೊತ್ತು, ನಿನ್ನೆಯದೇ, ಬಾನೆಟ್ಟಿನ ಸಂದಿಯಲ್ಲಿ ಅವಳ ಬೆರಳುಗಳು ಸ್ಟಿಯರಿಂಗನ್ನು ಕಚ್ಚಿಕೊಂಡಿವೆ, ಹಿಂದೆ ಪುಟ್ಟಿಯ ತೆರೆದ ಬಾಯಿ, ದನಿಯಿಲ್ಲ, ಗಾಜಿನ ಮೇಲೆ ಮತ್ತೆ ಅದೇ ಕೋಲು ಇಳಿಯುತ್ತಿದೆ, ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು